ಕೊನೆಯ ಹಂತದ ರೋಗಿಗೆ ಆಸ್ಪತ್ರೆಯಲ್ಲೇ ವೈದ್ಯಕೀಯ ಗಾಂಜಾ: ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವವರಿಗೆ ಅದನ್ನು ಕೊಡಬಹುದೇ ಅನ್ನುವುದು ಬೇರೆಯೇ ಪ್ರಶ್ನೆ. 2021ರವರೆಗೆ ಅದು ಆಯಾ ಆಸ್ಪತ್ರೆಯ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. 2022ರ ಜನವರಿ 1ರಿಂದ ಜಾರಿಯಲ್ಲಿರುವ ಎಸ್‌ಬಿ 311 ಎಂಬ ರಾಜ್ಯ ಕಾನೂನು ಅದನ್ನು ಬದಲಿಸಿತು. ಜನ ಅದನ್ನು ‘ರಯಾನ್ಸ್ ಲಾ’ ಅನ್ನುತ್ತಾರೆ. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಿಂದ 2018ರಲ್ಲಿ ತೀರಿಕೊಂಡ ರಯಾನ್ ಬಾರ್ಟೆಲ್ ಅವರ ತಂದೆ ಜಿಮ್ ಬಾರ್ಟೆಲ್ ಬೆನ್ನು ಹತ್ತಿ ಮಾಡಿಸಿದ ಕಾನೂನು ಇದು. ಇದೇ ಆಶಯದ ಹಿಂದಿನ ಮಸೂದೆಯನ್ನು ಗವರ್ನರ್ ನ್ಯೂಸಮ್ 2019ರಲ್ಲಿ ವಾಪಸ್ ಕಳಿಸಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಅವರೇ ಸಹಿ ಹಾಕಿದರು.

ಶುರುವಿನಲ್ಲೇ ಒಂದು ಮಾತು ತಿಳಿದಿರಲಿ. ಈ ಕಾನೂನು ಆಸ್ಪತ್ರೆಗೆ ಹೇಳುವುದು ‘ತಡೆಯಬೇಡ’ ಎಂದಷ್ಟೇ, ‘ಕೊಡು’ ಎಂದಲ್ಲ. ನರ್ಸ್ ಗಾಂಜಾ ಎಣ್ಣೆಯ ಬಾಟಲಿಯನ್ನು ಮುಟ್ಟುವಂತಿಲ್ಲ. ತರುವುದು, ಬೀಗ ಹಾಕಿಡುವುದು, ಅಳೆದು ಬಾಯಿಗೆ ಹಾಕುವುದು, ಉಳಿದದ್ದನ್ನು ಒಯ್ಯುವುದು, ಇಷ್ಟೂ ರೋಗಿಯ ಅಥವಾ ಮನೆಯವರ ಕೆಲಸ. ಅನುಮತಿ ಸಿಕ್ಕಿತೆಂದು ನಿರಾಳವಾದ ಕುಟುಂಬಗಳು ರಾತ್ರಿ ಎರಡು ಗಂಟೆಗೆ ಔಷಧಿ ಕೊಡುವವರಿಲ್ಲದೆ ಪೇಚಾಡುತ್ತವೆ. ಹಾಗಾಗಿ ಕೆಳಗಿನ ಬಹುಪಾಲು ಮಾತು ಕಾನೂನಿನದ್ದಲ್ಲ, ಏರ್ಪಾಡಿನದು.

ಯಾರಿಗೆ, ಎಲ್ಲಿ ಅನ್ವಯ

ಕಾಯಿಲೆ ತನ್ನ ದಾರಿಯಲ್ಲಿ ಸಾಗಿದರೆ ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಆಯುಸ್ಸು ಎಂದು ವೈದ್ಯರು ಅಂದಾಜಿಸಿದವರಿಗೆ ಇದು ಅನ್ವಯ. ಇಲ್ಲಿ ಒಂದು ಗೊಂದಲವಿದೆ. ಹಿರಿಯರ ಫೆಡರಲ್ ವಿಮೆಯಾದ ಮೆಡಿಕೇರ್‌ನ ಹಾಸ್ಪಿಸ್ (ಕೊನೆಗಾಲದ ಆರೈಕೆ) ಸೌಲಭ್ಯಕ್ಕೆ ಬೇಕಾದದ್ದು ಆರು ತಿಂಗಳ ಅಂದಾಜು, ಈ ಕಾನೂನಿಗೆ ಸಾಕಾಗುವುದು ಒಂದು ವರ್ಷದ್ದು. ಅಂದರೆ ಹಾಸ್ಪಿಸ್‌ಗೆ ಇನ್ನೂ ಸೇರದೆ ಪ್ಯಾಲಿಯೇಟಿವ್ (ನೋವು, ತೊಂದರೆ ತಗ್ಗಿಸುವ) ಆರೈಕೆಯಲ್ಲಿರುವವರೂ ಕೇಳಬಹುದು. 2024ರಿಂದ 65 ದಾಟಿದ, ದೀರ್ಘಕಾಲದ ಕಾಯಿಲೆಯವರಿಗೂ ಕಾನೂನನ್ನು ವಿಸ್ತರಿಸಲಾಗಿದೆ. ಆ ದಾರಿಯ ಷರತ್ತುಗಳು ಬೇರೆ. ಈ ಲೇಖನ ಕೊನೆಯ ಹಂತದ ರೋಗಿಗಳ ಬಗ್ಗೆ ಮಾತ್ರ.

ಸಾಮಾನ್ಯ ಆಸ್ಪತ್ರೆ, ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿ (ಇಲ್ಲಿನ ನರ್ಸಿಂಗ್ ಹೋಮ್), ಹಾಸ್ಪಿಸ್ ಕೇಂದ್ರ ಇವು ಇದರಡಿ ಬರುತ್ತವೆ. ತುರ್ತು ಚಿಕಿತ್ಸೆ ನಡೆಯುತ್ತಿರುವಾಗ ಅನ್ವಯಿಸುವುದಿಲ್ಲ. ಇಆರ್‌ನಲ್ಲಿ ಬಾಟಲಿ ತೆಗೆಯಬೇಡಿ, ವಾರ್ಡ್‌ಗೆ ಹೋದಮೇಲೆ ಮಾತಾಡಿ. ವ್ಯಸನಮುಕ್ತಿ ಆಸ್ಪತ್ರೆ ಮತ್ತು ಸ್ಟೇಟ್ ಹಾಸ್ಪಿಟಲ್‌ಗಳು (ರಾಜ್ಯದ ಮಾನಸಿಕ ಆಸ್ಪತ್ರೆಗಳು) ಹೊರಗೆ. ವೆಟರನ್ಸ್ ಆಸ್ಪತ್ರೆಗಳು ಫೆಡರಲ್ ಸರ್ಕಾರದವು, ರಾಜ್ಯದ ಮಾತು ಅಲ್ಲಿ ನಡೆಯದು. ಅಸಿಸ್ಟೆಡ್ ಲಿವಿಂಗ್, ಬೋರ್ಡ್ ಅಂಡ್ ಕೇರ್ ಮನೆಗಳ ಲೈಸೆನ್ಸ್ ಸೋಷಿಯಲ್ ಸರ್ವೀಸಸ್ ಇಲಾಖೆಯದು. ಅವುಗಳ ಮೇಲೂ ಈ ಕಾನೂನಿನ ಒತ್ತಾಯವಿಲ್ಲ. ಅಪ್ಪನನ್ನೋ ಅಮ್ಮನನ್ನೋ ಅಂಥ ಕಡೆ ಬಿಡುವುದಿದ್ದರೆ ಸೇರಿಸುವ ಮೊದಲೇ ಅವರ ನಿಯಮ ಕೇಳಿಕೊಳ್ಳಿ, ಒಪ್ಪಂದಕ್ಕೆ ಸಹಿ ಬಿದ್ದಮೇಲೆ ಅಲ್ಲ.

ಮೊದಲ ಹೆಜ್ಜೆ: ಯಾವ ತೊಂದರೆಗೆ ಎಂದು ಡಾಕ್ಟರ ಜೊತೆ ಗೊತ್ತುಮಾಡಿಕೊಳ್ಳಿ

‘ಕ್ಯಾನ್ಸರ್ ಕರಗಿಸುವ ಎಣ್ಣೆ’ ಎಂದು ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿ. ಅದಕ್ಕೆ ಆಧಾರವಿಲ್ಲ. ಗಾಂಜಾದ ಅಂಶಗಳಿಂದ ಗಟ್ಟಿ ಪ್ರಯೋಜನ ಕಂಡಿರುವುದು ಕಿಮೋಥೆರಪಿಯ ವಾಕರಿಕೆ, ವಾಂತಿಗೆ. ನೋವಿಗೆ ಕೆಲವರಿಗೆ ಉಪಯೋಗ, ಕೆಲವರಿಗೆ ಇಲ್ಲ. ನಿದ್ದೆ ಮತ್ತು ಹಸಿವಿನಲ್ಲಿ ಅಲ್ಪಸ್ವಲ್ಪ. ಅನೇಕ ಕುಟುಂಬಗಳ ಅಪೇಕ್ಷೆ ಇನ್ನೊಂದು: ಮಾರ್ಫಿನ್ ಕೊಂಚ ಕಡಿಮೆಯಾದರೆ ಮನೆಯವರೊಡನೆ ನಾಲ್ಕು ಮಾತಾಡುವಷ್ಟು ಎಚ್ಚರ ಉಳಿದೀತು ಎಂಬುದು. ಅದು ಆಗಬಹುದು, ಆಗದೆಯೂ ಇರಬಹುದು. ಮಾರ್ಫಿನ್ ಕಡಿಮೆ ಮಾಡುವುದು ವೈದ್ಯರ ಕೆಲಸ, ಮನೆಯವರದ್ದಲ್ಲ.

ಇದೇ ಭೇಟಿಯಲ್ಲಿ ‘ಡ್ರೊನಾಬಿನಾಲ್ ಕೊಟ್ಟು ನೋಡಬಹುದೇ’ ಎಂದು ಕೇಳಿ. ಇದು ಕಾರ್ಖಾನೆಯಲ್ಲಿ ತಯಾರಾದ ಟಿಎಚ್‌ಸಿ, ಅಂದರೆ ಗಾಂಜಾದ ಅಮಲೇರಿಸುವ ಅಂಶ. 1985ರಿಂದ ಎಫ್‌ಡಿಎ (ಫೆಡರಲ್ ಔಷಧ ನಿಯಂತ್ರಣ ಸಂಸ್ಥೆ) ಒಪ್ಪಿಗೆಯಿದೆ. ಡಾಕ್ಟರ್ ಚೀಟಿ ಬರೆಯಬಹುದು, ಆಸ್ಪತ್ರೆಯ ಫಾರ್ಮಸಿ ತರಿಸಬಹುದು, ನರ್ಸೇ ಕೊಡಬಹುದು. ಮುಂದೆ ಹೇಳುವ ತಾಪತ್ರಯದಲ್ಲಿ ಅರ್ಧಕ್ಕರ್ಧ ಇದಕ್ಕಿಲ್ಲ. ಮುದುಕರಿಗೆ ಸಾಮಾನ್ಯವಾಗಿ ದಿನಕ್ಕೊಮ್ಮೆ 2.5 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಕ್ಯಾಪ್ಸೂಲ್ ಒಳಗಿರುವುದು ಎಳ್ಳೆಣ್ಣೆ, ಎಳ್ಳು ಆಗದವರಿಗೆ ಕೊಡಬಾರದು. ಇದರಿಂದಲೇ ಕೆಲಸ ಆಗುವುದಿದ್ದರೆ ಉಳಿದ ಓಡಾಟ ಯಾಕೆ?

ಡಾಕ್ಟರ ಮುಂದೆ ಔಷಧಿಗಳ ಪೂರ್ತಿ ಪಟ್ಟಿ ಇಡಿ. ಆಯುರ್ವೇದದ ಲೇಹ್ಯ, ಚೂರ್ಣ ಏನಿದ್ದರೂ ಸೇರಿಸಿ. ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಸಿಬಿಡಿ (ಗಾಂಜಾದ ಅಮಲೇರಿಸದ ಅಂಶ) ಸೇರಿದರೆ ರಕ್ತ ಬೇಕಾದ್ದಕ್ಕಿಂತ ತೆಳುವಾಗಬಹುದು, ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಐಎನ್‌ಆರ್ ಪರೀಕ್ಷೆ ಹತ್ತಿರ ಹತ್ತಿರ ಮಾಡಿಸಬೇಕು. ಅಂಗ ಕಸಿಯಾಗಿ ಟ್ಯಾಕ್ರೊಲಿಮಸ್ ನುಂಗುವವರಲ್ಲಿ ಅದರ ಮಟ್ಟ ಏರುತ್ತದೆ. ಲೊರಾಝೆಪಾಮ್‌ನಂಥ ಆತಂಕ ಇಳಿಸುವ ಮಾತ್ರೆ ಮತ್ತು ಮಾರ್ಫಿನ್ ಜೊತೆ ಮಂಪರು ಕೂಡಿಕೊಳ್ಳುತ್ತದೆ. ಇಮ್ಯುನೋಥೆರಪಿ ನಡೆಯುತ್ತಿದ್ದರೆ ಆಂಕಾಲಜಿಸ್ಟ್‌ಗೆ ತಿಳಿಸದೆ ಶುರು ಮಾಡಲೇಬೇಡಿ. ಹಿಂದೆ ಮನೋವಿಕಾರ ಇದ್ದವರು, ಹೃದಯ ಬಡಿತ ಏರುಪೇರಿರುವವರು, ಈಗಾಗಲೇ ಡೆಲಿರಿಯಂನಲ್ಲಿ ಬಡಬಡಿಸುತ್ತಿರುವವರು, ಇವರಿಗೆ ಟಿಎಚ್‌ಸಿ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು.

ಮತ್ತೆ, ರೋಗಿಯ ಒಪ್ಪಿಗೆ. ಎಂಬತ್ತರ ಅಜ್ಜಿಗೆ ಹೇಳದೆ ಮಜ್ಜಿಗೆಯಲ್ಲಿ ಎರಡು ಹನಿ ಹಾಕುವುದು ತಪ್ಪು. ‘ಗಾಂಜಾ’ ಎಂಬ ಹೆಸರಿಗೇ ಮುಖ ತಿರುಗಿಸುವವರಿದ್ದಾರೆ. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಮಾತಾಡುವ ಸ್ಥಿತಿ ದಾಟಿದ್ದರೆ ಅವರ ಅಡ್ವಾನ್ಸ್ ಡೈರೆಕ್ಟಿವ್‌ನಲ್ಲಿ (ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಟ್ಟ ಪತ್ರ) ಹೆಸರಿರುವವರು ನಿರ್ಧರಿಸಬೇಕು.

ಕಾಗದ ಪತ್ರ

ಆಸ್ಪತ್ರೆ ಕೇಳುವುದು ಎರಡರಲ್ಲಿ ಒಂದು: ಕೌಂಟಿ ಆರೋಗ್ಯ ಇಲಾಖೆ ಕೊಡುವ ಮೆಡಿಕಲ್ ಮರಿವಾನಾ ಗುರುತಿನ ಚೀಟಿಯ ಪ್ರತಿ, ಇಲ್ಲವೇ ವೈದ್ಯರ ಲಿಖಿತ ಶಿಫಾರಸಿನ ಪ್ರತಿ. ಫೆಡರಲ್ ಕಾನೂನಿನಲ್ಲಿ ವೈದ್ಯರು ಗಾಂಜಾಕ್ಕೆ ಪ್ರಿಸ್ಕ್ರಿಪ್ಶನ್ ಬರೆಯುವಂತಿಲ್ಲ, ಶಿಫಾರಸು ಮಾಡಬಹುದು. 2002ರಲ್ಲಿ ಕಾನಂಟ್ ಪ್ರಕರಣದಲ್ಲಿ ಒಂಬತ್ತನೇ ಸರ್ಕಿಟ್ ನ್ಯಾಯಾಲಯ ಅದನ್ನು ವೈದ್ಯರ ವಾಕ್ ಸ್ವಾತಂತ್ರ್ಯವೆಂದು ಎತ್ತಿಹಿಡಿದಿದೆ. ಆದರೂ ಎಷ್ಟೋ ಆಸ್ಪತ್ರೆ ವೈದ್ಯರು ಬರೆದುಕೊಡುವುದಿಲ್ಲ, ಬರೆದುಕೊಡಲೇಬೇಕೆಂದು ಈ ಕಾನೂನೂ ಹೇಳುವುದಿಲ್ಲ. ಪ್ಯಾಲಿಯೇಟಿವ್ ವಿಭಾಗದವರನ್ನು ಮೊದಲು ಕೇಳಿ, ಆಮೇಲೆ ಹೊರಗಿನವರನ್ನು ಹುಡುಕಿ.

ಸಮಯ ಕಡಿಮೆಯಿದ್ದರೆ ಶಿಫಾರಸು ಪತ್ರವೇ ಸಾಕು. ಕೌಂಟಿ ಕಾರ್ಡ್‌ಗೆ ಅರ್ಜಿ ಪರಿಶೀಲನೆಗೇ 30 ದಿನದವರೆಗೆ ಹಿಡಿಯಬಹುದು, ಆ ಒಂದು ತಿಂಗಳು ಎಲ್ಲರ ಕೈಲೂ ಇರುವುದಿಲ್ಲ. ಕಾರ್ಡ್‌ನ ಲಾಭ ಬೇರೆ: ತೋರಿಸಿದರೆ ಸೇಲ್ಸ್ ಟ್ಯಾಕ್ಸ್ ಇಲ್ಲ, ಬರೀ ಶಿಫಾರಸು ಪತ್ರಕ್ಕೆ ಆ ವಿನಾಯಿತಿ ಸಿಗದು. ಶುಲ್ಕ 100 ಡಾಲರ್ ಮೀರುವಂತಿಲ್ಲ, ಮೆಡಿ-ಕ್ಯಾಲ್ (ಕಡಿಮೆ ಆದಾಯದವರ ರಾಜ್ಯ ವಿಮೆ) ಇದ್ದವರಿಗೆ ಅರ್ಧ. ಫೋಟೊ ಇರುವ ಗುರುತು, ಕೌಂಟಿಯಲ್ಲಿ ವಾಸವಿರುವ ದಾಖಲೆ, ಶಿಫಾರಸಿನ ಪ್ರತಿ ಬೇಕು.

ಔಷಧಿ ಕೊಡುವವರು ಯಾರು? ವೀಸಾ ನೋಡಿ ಆರಿಸಿ

ಕಾನೂನಿನ ಭಾಷೆಯಲ್ಲಿ ‘ಪ್ರೈಮರಿ ಕೇರ್‌ಗಿವರ್’ ಎಂದರೆ ರೋಗಿಯೇ ಹೆಸರಿಸಿದ, ಅವರ ವಸತಿ, ಆರೋಗ್ಯ ಅಥವಾ ಸುರಕ್ಷತೆಯ ಹೊಣೆಯನ್ನು ನಿರಂತರವಾಗಿ ಹೊತ್ತಿರುವ ವ್ಯಕ್ತಿ. ಸಾಮಾನ್ಯವಾಗಿ ಹಿರಿಯ ಮಗನೋ ಸೊಸೆಯೋ ಈ ಹೆಸರು ಹೊರುತ್ತಾರೆ. ಕನ್ನಡ ಕುಟುಂಬಗಳು ಎಡವುವುದು ಇಲ್ಲೇ.

ರಾಜ್ಯ ಒಪ್ಪಿದರೂ ಫೆಡರಲ್ ಕಾನೂನು ಒಪ್ಪಿಲ್ಲ, ಇಮಿಗ್ರೇಶನ್ ಪೂರ್ತಿ ಫೆಡರಲ್ ವಿಷಯ. ರಾಜ್ಯದಲ್ಲಿ ಸಕ್ರಮವಾಗಿದ್ದರೂ ಗಾಂಜಾ ಸಂಬಂಧದ ಫೆಡರಲ್ ಉಲ್ಲಂಘನೆ ಪೌರತ್ವಕ್ಕೆ ಬೇಕಾದ ‘ಸನ್ನಡತೆ’ಗೆ ಅಡ್ಡಿ ಎಂದು ಫೆಡರಲ್ ಇಮಿಗ್ರೇಶನ್ ಸಂಸ್ಥೆ ಯುಎಸ್‌ಸಿಐಎಸ್ 2019ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ಶಿಕ್ಷೆಯಾಗಬೇಕೆಂದೂ ಇಲ್ಲ, ಸಂದರ್ಶನದಲ್ಲಿ ತಾವೇ ಒಪ್ಪಿಕೊಂಡರೂ ಸಾಕು. ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವ ಮಗ ಡಿಸ್ಪೆನ್ಸರಿಯಲ್ಲಿ (ಗಾಂಜಾ ಅಂಗಡಿ) ತನ್ನ ಹೆಸರಿಗೆ ಬಿಲ್ ಮಾಡಿಸಿ, ಕೇರ್‌ಗಿವರ್ ಕಾರ್ಡ್ ಮಾಡಿಸಿಕೊಂಡು, ಬಾಟಲಿಯ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿ, ಮುಂದೆ ಬೆಂಗಳೂರಿಗೆ ಹೋಗಿ ಬರುವಾಗ ವಿಮಾನ ನಿಲ್ದಾಣದಲ್ಲಿ ಫೋನ್ ತೆರೆದು ತೋರಿಸಬೇಕಾಗಿ ಬಂದರೆ ಉತ್ತರಿಸುವುದು ಕಷ್ಟ. ಆದ್ದರಿಂದ ಈ ಹೊಣೆ ಅಮೆರಿಕದ ಪೌರರಾಗಿರುವ ಮಗಳೋ ಅಳಿಯನೋ ವಯಸ್ಸಿಗೆ ಬಂದ ಮೊಮ್ಮಗನೋ ಹೊರಲಿ. ಪೌರರೇ ಇಲ್ಲದ ಮನೆಯಾದರೆ ಒಂದು ಹೆಜ್ಜೆ ಇಡುವ ಮೊದಲೂ ಇಮಿಗ್ರೇಶನ್ ವಕೀಲರನ್ನು ಕಾಣಿ.

ರೋಗಿಯ ವಿಷಯದಲ್ಲೂ ಇದೇ. ವಿಸಿಟರ್ ವೀಸಾದಲ್ಲಿ ಬಂದು ಇಲ್ಲೇ ಕಾಯಿಲೆ ಬಿದ್ದ ತಂದೆ ತಾಯಿ ಊರಿಗೆ ಮರಳಿ ಮತ್ತೆ ಬರುವ ಆಸೆಯಲ್ಲಿದ್ದರೆ ಡ್ರೊನಾಬಿನಾಲ್ ಒಂದೇ ಸುರಕ್ಷಿತ ದಾರಿ ಎನ್ನಬೇಕು. ಅದು ಚೀಟಿಯ ಮೇಲೆ ಕೊಡುವ ಔಷಧಿ.

ಒಬ್ಬರೇ ಹೊತ್ತರೆ ಸೋತುಹೋಗುತ್ತಾರೆ. ಮುಖ್ಯ ಕೇರ್‌ಗಿವರ್ ಊರಲ್ಲಿಲ್ಲದಾಗ ಯಾರು ಕೊಡುತ್ತಾರೆ ಎಂಬುದನ್ನು ಆಸ್ಪತ್ರೆಗೆ ಮೊದಲೇ ಬರೆದುಕೊಟ್ಟು ಒಪ್ಪಿಗೆ ಪಡೆಯಿರಿ. ಡೋಸ್ ಸಮಯಗಳನ್ನೂ ಭೇಟಿಯ ವೇಳೆಗೆ ಹೊಂದಿಸಿಕೊಳ್ಳಿ. ಬೆಳಗ್ಗೆ ಎಂಟು ಮತ್ತು ರಾತ್ರಿ ಎಂಟು ಎಂದಿಟ್ಟರೆ ಕೆಲಸಕ್ಕೆ ಹೋಗುವವರಿಗೂ ಸಾಧ್ಯ. ಮೂರು ಗಂಟೆಗೊಮ್ಮೆ ಎಂದು ಯೋಜನೆ ಹಾಕಿದರೆ ಎರಡನೇ ದಿನಕ್ಕೇ ತಪ್ಪುತ್ತದೆ.

ಆಸ್ಪತ್ರೆಯವರೊಡನೆ ಮಾತು

ಫ್ಲೋರ್ ನರ್ಸ್‌ಗೆ ಕೇಳಿ ‘ಇಲ್ಲ’ ಅನ್ನಿಸಿಕೊಂಡು ಬರಬೇಡಿ. ಸೋಷಿಯಲ್ ವರ್ಕರ್ ಅಥವಾ ಚಾರ್ಜ್ ನರ್ಸ್ ಬಳಿ ‘ರಯಾನ್ಸ್ ಲಾ ಪಾಲಿಸಿಯ ಪ್ರತಿ ಕೊಡಿ’ ಎಂದು ಕೇಳಿ. ಲಿಖಿತ ನಿಯಮ ಮಾಡಿ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ. ಅದರಲ್ಲಿ ಇರಬೇಕಾದವು: ಸೇದುವುದು, ವೇಪ್ ಮಾಡುವುದು ನಿಷೇಧ, ಬಳಕೆಯನ್ನು ರೋಗಿಯ ದಾಖಲೆಯಲ್ಲಿ ಬರೆಯುವುದು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ರೋಗಿಯ ಕೋಣೆಯಲ್ಲೋ, ಗೊತ್ತುಮಾಡಿದ ಜಾಗದಲ್ಲೋ, ಕೇರ್‌ಗಿವರ್ ಬಳಿಯೋ ಇಡುವುದು, ಸಿಬ್ಬಂದಿ ಕೊಡಬಾರದು, ಪೆಟ್ಟಿಗೆಯಿಂದ ತೆಗೆಯಲೂ ಬಾರದು.

ಕೊನೆಯದನ್ನು ನರ್ಸ್‌ಗಳ ಒರಟುತನವೆಂದು ತಿಳಿಯಬೇಡಿ. ‘ಸ್ವಲ್ಪ ಆ ಡಬ್ಬಿ ಎತ್ತಿಕೊಡಿ’ ಎಂದು ಕೇಳಿದರೂ ಅವರಿಗೆ ಆಗುವುದಿಲ್ಲ. ಕೈ ನಡುಗದೆ ತಾವೇ ತೆಗೆದುಕೊಳ್ಳಬಲ್ಲ ರೋಗಿಯಾದರೆ ಪೆಟ್ಟಿಗೆ ಕೈಗೆಟಕುವಲ್ಲಿ ಇಡಿ. ಕೀಲಿಯ ಬದಲು ನಂಬರ್ ಲಾಕ್ ಒಳ್ಳೆಯದು. ಕೀಲಿ ಮನೆಯಲ್ಲೇ ಮರೆತು ಬರುತ್ತದೆ.

‘ಮೆಡಿಕೇರ್ ಹಣ ನಿಂತುಹೋಗುತ್ತದೆ, ಆದ್ದರಿಂದ ಆಗಲ್ಲ’ ಎಂಬ ಉತ್ತರ ಸಾಮಾನ್ಯ. ಕಾನೂನಿನಲ್ಲೇ ಇದಕ್ಕೆ ಮರುಮಾತಿದೆ. ಗಾಂಜಾ ಫೆಡರಲ್ ಪಟ್ಟಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ಫೆಡರಲ್ ಸಂಸ್ಥೆ ನಿಜವಾಗಿ ಕ್ರಮ ಶುರು ಮಾಡಿದರೆ ಅಥವಾ ಸ್ಪಷ್ಟವಾಗಿ ನಿಷೇಧಿಸುವ ನಿಯಮ, ಸೂಚನೆ ಹೊರಡಿಸಿದರೆ ಮಾತ್ರ ಆಸ್ಪತ್ರೆ ಇದನ್ನು ತಡೆಹಿಡಿಯಬಹುದು. ಜಗಳಕ್ಕೆ ಹೋಗದೆ ‘ಯಾವ ನಿಯಮದಡಿ ನಿರಾಕರಿಸುತ್ತೀರಿ, ಬರೆದುಕೊಡಿ’ ಅನ್ನಿ. ಅರ್ಧ ತಕರಾರು ಅಲ್ಲೇ ಇಳಿಯುತ್ತದೆ. ಬಗ್ಗದಿದ್ದರೆ ಪೇಶೆಂಟ್ ರಿಲೇಶನ್ಸ್, ನರ್ಸಿಂಗ್ ಹೋಮ್ ಆದರೆ ಲಾಂಗ್-ಟರ್ಮ್ ಕೇರ್ ಓಂಬುಡ್ಸ್‌ಮನ್ (ಅಲ್ಲಿರುವವರ ದೂರು ಕೇಳುವ ಅಧಿಕಾರಿ), ಆಮೇಲೆ ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆಗೆ ಹೇಳಿ. ಹಾಗೆಂದು ಈ ಕಾನೂನಿಗೆ ಹಲ್ಲು ಕಡಿಮೆ. ಇದನ್ನು ಪಾಲಿಸುವುದನ್ನು ಆಸ್ಪತ್ರೆಯ ಲೈಸೆನ್ಸ್‌ಗೆ ಷರತ್ತಾಗಿ ಇಟ್ಟಿಲ್ಲ. ದಿನಗಳು ಕಡಿಮೆಯಿದ್ದರೆ ದೂರಿನ ಹಿಂದೆ ಅಲೆಯುವುದಕ್ಕಿಂತ ಒಪ್ಪುವ ಬೇರೆ ಕೇಂದ್ರಕ್ಕೆ ಹೋಗುವುದೋ, ಮನೆಗೆ ಹಾಸ್ಪಿಸ್ ತರಿಸುವುದೋ ಬೇಗ ಆಗುವ ಕೆಲಸ.

ಅಂಗಡಿಯಲ್ಲಿ: ಲೇಬಲ್ ಓದುವುದು

ಡಿಪಾರ್ಟ್‌ಮೆಂಟ್ ಆಫ್ ಕ್ಯಾನಬಿಸ್ ಕಂಟ್ರೋಲ್ ಲೈಸೆನ್ಸ್ ಇರುವ ಕಡೆ ಮಾತ್ರ ಕೊಳ್ಳಿ. ಇಲಾಖೆಯ ವೆಬ್‌ಸೈಟ್‌ನಲ್ಲಿ ಲೈಸೆನ್ಸ್ ಹುಡುಕಿ ನೋಡಬಹುದು. ಪ್ಯಾಕೆಟ್ ಮೇಲೆ ತ್ರಿಕೋನದೊಳಗೆ ಎಲೆಯ ಗುರುತು ಇರಬೇಕು. ಆ ಬ್ಯಾಚ್‌ನ ಲ್ಯಾಬ್ ವರದಿ ಕೇಳಿ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಬೂಸ್ಟು ಹಿಡಿದ ಸರಕು ನಿಜಕ್ಕೂ ಅಪಾಯಕಾರಿ.

ಹಾಸಿಗೆ ಹಿಡಿದವರಿಗೆ ಅನುಕೂಲವಾದದ್ದು ನಾಲಿಗೆಯ ಕೆಳಗೆ ಹಾಕುವ ಎಣ್ಣೆ. ಗಮ್ಮಿ ಅಗಿದು ನುಂಗಬೇಕು, ನುಂಗಲು ಕಷ್ಟಪಡುವವರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಟಿಂಕ್ಚರ್ ಎಂದು ಮಾರುವ ಇಂಥ ಹನಿಗಳಲ್ಲೂ ಆಲ್ಕೋಹಾಲ್ ಮೂಲದ್ದು ಬೇಡ, ಕಿಮೋದಿಂದ ಬಾಯಿ ಹುಣ್ಣಾದವರಿಗೆ ಉರಿ ತಡೆಯಲಾಗದು. ಎಂಸಿಟಿ (ಸಾಮಾನ್ಯವಾಗಿ ತೆಂಗಿನಿಂದ ತೆಗೆದ) ಎಣ್ಣೆಯದನ್ನು ಕೇಳಿ. ಹೊಟ್ಟೆಯ ಟ್ಯೂಬ್ ಮೂಲಕ ಆಹಾರ ಹೋಗುತ್ತಿದ್ದರೆ ಎಣ್ಣೆ ನಳಿಗೆ ಅಂಟುತ್ತದೆ, ಫಾರ್ಮಸಿಸ್ಟ್‌ರನ್ನು ಕೇಳದೆ ಹಾಕಬೇಡಿ.

ಈಗ ಲೆಕ್ಕ. ಲೇಬಲ್ ಮೇಲೆ ‘30 ಮಿ.ಲೀ., ಟಿಎಚ್‌ಸಿ 300 ಮಿ.ಗ್ರಾಂ’ ಎಂದಿದೆ ಅನ್ನಿ. 300 ಭಾಗಿಸು 30, ಮಿಲಿಲೀಟರ್‌ಗೆ 10 ಮಿಲಿಗ್ರಾಂ. ಬಾಟಲಿಯ ಜೊತೆ ಬರುವ ಡ್ರಾಪರ್ ತುಂಬಿದರೆ ಸಾಮಾನ್ಯವಾಗಿ 1 ಮಿ.ಲೀ., ಅಂದರೆ 10 ಮಿಲಿಗ್ರಾಂ. ಹೊಸಬರಾದ ಸಣಕಲು ಮುದುಕರಿಗೆ ಅದು ಹತ್ತು ಪಟ್ಟು ಹೆಚ್ಚು. ಅವರಿಗೆ ಬೇಕಾದದ್ದು 1 ಮಿಲಿಗ್ರಾಂ, ಅಂದರೆ 0.1 ಮಿ.ಲೀ. ಡ್ರಾಪರ್‌ನಲ್ಲಿ ಅದನ್ನು ಅಳೆಯಲಾಗದು. ಫಾರ್ಮಸಿಯಲ್ಲಿ ಮಕ್ಕಳಿಗೆ ಔಷಧಿ ಕೊಡುವ, ಸೂಜಿಯಿಲ್ಲದ 1 ಮಿ.ಲೀ. ಸಿರಿಂಜ್ ಸಿಗುತ್ತದೆ. ಅದನ್ನು ತಂದು 0.1 ಗೆರೆಗೆ ಪೆನ್ನಿನಿಂದ ಗುರುತು ಹಾಕಿ. ಬಾಟಲಿ ಬದಲಾದಾಗಲೆಲ್ಲ ಲೆಕ್ಕ ಹೊಸದಾಗಿ ಮಾಡಿ. ಅದೇ ಕಂಪನಿಯ ಅದೇ ಬಣ್ಣದ ಬಾಟಲಿ 1000 ಮಿಲಿಗ್ರಾಂನದ್ದೂ ಇರುತ್ತದೆ. ಒಂದೇ ಗೆರೆಗೆ ಮೂರು ಪಟ್ಟು ಹೋಗುವುದು ಹೀಗೆ.

ಸಿಬಿಡಿ, ಟಿಎಚ್‌ಸಿ ಎರಡೂ ಸಮನಾಗಿರುವ 1:1 ಎಣ್ಣೆಯನ್ನು ಅಂಗಡಿಯವರು ಮೊದಲು ತೋರಿಸುತ್ತಾರೆ. ಕೊಂಡರೂ ಟಿಎಚ್‌ಸಿಯ ಲೆಕ್ಕವನ್ನು ಬೇರೆಯಾಗಿಯೇ ಮಾಡಿ. ‘ಒಟ್ಟು 600’ ಎಂದಿದ್ದರೆ ಟಿಎಚ್‌ಸಿ 300 ಅಷ್ಟೇ. ಇನ್ಶೂರೆನ್ಸ್ ಇದಕ್ಕೆ ಕಾಸು ಕೊಡುವುದಿಲ್ಲ, ಆದ್ದರಿಂದ ಮೊದಲ ಸಲ ಚಿಕ್ಕ ಬಾಟಲಿ.

ಕೊಡುವುದು, ಕಾಯುವುದು, ಬರೆಯುವುದು

ಮೊದಲ ಡೋಸ್ ಸಂಜೆ, ಜೊತೆಯಲ್ಲಿ ಯಾರಾದರೂ ಇರುವಾಗ ಕೊಡಿ. 1 ಮಿಲಿಗ್ರಾಂ, ಗಟ್ಟಿಮುಟ್ಟಾಗಿದ್ದರೆ 2.5. ನಾಲಿಗೆಯ ಕೆಳಗೆ ಹಾಕಿ ಒಂದು ನಿಮಿಷ ಹಿಡಿದಿಟ್ಟುಕೊಳ್ಳಲಿ. ಹೀಗೆ ಹಾಕಿದ್ದು ಕೆಲವೊಮ್ಮೆ 15ರಿಂದ 45 ನಿಮಿಷದಲ್ಲಿ ಕಾಣಿಸಿಕೊಳ್ಳುತ್ತದೆ. ನುಂಗಿದ್ದಾದರೆ ಒಂದರಿಂದ ಎರಡು ಗಂಟೆ, ಆಮೇಲೆ ಆರೆಂಟು ಗಂಟೆ ಇರುತ್ತದೆ. ನಾಲಿಗೆಯಡಿ ಹಾಕಿದ್ದರಲ್ಲೂ ಸಾಕಷ್ಟು ಭಾಗ ಜೊಲ್ಲಿನೊಡನೆ ಹೊಟ್ಟೆಗೇ ಹೋಗುವುದರಿಂದ ಎರಡು ಗಂಟೆಯ ಲೆಕ್ಕವನ್ನೇ ಹಿಡಿಯಿರಿ.

ಅತಿ ಹೆಚ್ಚು ನಡೆಯುವ ತಪ್ಪು: ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲವೆಂದು ಇನ್ನೊಂದು ಸಲ ಕೊಡುವುದು. ಎರಡೂ ಒಟ್ಟಿಗೆ ಏರುತ್ತವೆ. ಒಂದೇ ಪ್ರಮಾಣವನ್ನು ಎರಡು ಮೂರು ದಿನ ನೋಡಿ, ಆಮೇಲೆ 1 ಮಿಲಿಗ್ರಾಂ ಏರಿಸಿ. ವಾಕರಿಕೆ ನಿಂತಿತೆಂದರೆ ಅಲ್ಲೇ ನಿಲ್ಲಿ, ಇನ್ನಷ್ಟು ಏರಿಸಿದರೆ ಇನ್ನಷ್ಟು ಒಳ್ಳೆಯದಾಗುವುದಿಲ್ಲ.

ಪೆಟ್ಟಿಗೆಯೊಳಗೇ ಒಂದು ಸಣ್ಣ ನೋಟ್‌ಬುಕ್ ಇಡಿ. ದಿನಾಂಕ, ಗಂಟೆ, ಎಷ್ಟು ಮಿ.ಲೀ., ಕೊಟ್ಟವರ ಹೆಸರು, ಎರಡು ಗಂಟೆಯ ನಂತರ ಹೇಗಿದ್ದರು ಎಂದು ಬರೆಯಿರಿ. ಕೊಟ್ಟ ಕೂಡಲೇ ನರ್ಸ್‌ಗೆ ಬಾಯಿಮಾತಲ್ಲೂ ತಿಳಿಸಿ. ಅವರು ಕೊಡುವಂತಿಲ್ಲ, ಆದರೆ ತಿಳಿದಿರಲೇಬೇಕು. ನೀವು ಎಂಟಕ್ಕೆ ಎಣ್ಣೆ ಹಾಕಿ ಹೋಗಿ, ಅವರು ಎಂಟೂವರೆಗೆ ಲೊರಾಝೆಪಾಮ್ ಕೊಟ್ಟರೆ ಹತ್ತು ಗಂಟೆಗೆ ಎಬ್ಬಿಸಿದರೂ ಏಳದ ಸ್ಥಿತಿ ಬರಬಹುದು.

ಎದ್ದು ನಿಂತಾಗ ಬಿಪಿ ಇಳಿದು ಬೀಳುವ ಸಂಭವವಿದೆ. ಡೋಸ್ ಆದ ನಾಲ್ಕು ಗಂಟೆ ಒಬ್ಬರನ್ನೇ ಬಚ್ಚಲಿಗೆ ಕಳಿಸಬೇಡಿ. ಬಾಯಿ ಒಣಗುವುದು ಸಹಜ. ಗಾಬರಿ, ಎದೆ ಡವಡವ, ಇಲ್ಲದ್ದು ಕಂಡಂತಾಗುವುದು ಪ್ರಮಾಣ ಹೆಚ್ಚಾದ ಲಕ್ಷಣ. ಇದನ್ನು ಇಳಿಸುವ ಪ್ರತಿಮದ್ದು ಇಲ್ಲ. ದೀಪ ಮಂದ ಮಾಡಿ, ಪಕ್ಕದಲ್ಲಿ ಕೂತು, ‘ಇದು ಇಳಿಯುತ್ತೆ’ ಎಂದು ಹೇಳುತ್ತಿರಿ, ನರ್ಸ್‌ಗೆ ಎಷ್ಟು ಕೊಟ್ಟಿರಿ ಎಂದು ಸರಿಯಾಗಿ ತಿಳಿಸಿ. ಮುಚ್ಚಿಟ್ಟರೆ ಅವರು ಪಾರ್ಶ್ವವಾಯುವೋ ಸೋಂಕೋ ಎಂದು ಹುಡುಕುತ್ತಾ ಸ್ಕ್ಯಾನ್‌ಗೆ ಒಯ್ಯುತ್ತಾರೆ.

ನೋಡಲು ಬಂದ ಮಕ್ಕಳ ಮೇಲೆ ಕಣ್ಣಿರಲಿ. ಗಮ್ಮಿ ನೋಡಲು ಚಾಕಲೇಟಿನ ಹಾಗೇ ಇರುತ್ತದೆ. ಮಗು ತಿಂದರೆ ಪಾಯಿಸನ್ ಕಂಟ್ರೋಲ್‌ಗೆ 1-800-222-1222 ಕರೆ ಮಾಡಿ, ಮಂಪರು ಅಥವಾ ಉಸಿರಾಟದ ತೊಂದರೆ ಕಂಡರೆ ಕಾಯದೆ 911.

ಡಿಸ್ಚಾರ್ಜ್ ಅಥವಾ ಸಾವಿನ ನಂತರ

ಉಳಿದದ್ದನ್ನು ರೋಗಿ ಅಥವಾ ಕೇರ್‌ಗಿವರ್ ಒಯ್ಯಬೇಕು. ಒಯ್ಯುವವರಿಲ್ಲದಿದ್ದರೆ ಆಸ್ಪತ್ರೆ ಬೀಗ ಹಾಕಿಟ್ಟು ತನ್ನ ನಿಯಮದಂತೆ ವಿಲೇವಾರಿ ಮಾಡುತ್ತದೆ. ತೀರಿಕೊಂಡ ದಿನ ಪೆಟ್ಟಿಗೆಯ ನೆನಪು ಯಾರಿಗೂ ಇರುವುದಿಲ್ಲ. ಅದನ್ನು ತೆಗೆದುಕೊಂಡು ಬರುವ ಹೊಣೆಯನ್ನು ಮೊದಲೇ ಒಬ್ಬರಿಗೆ ವಹಿಸಿಡಿ. ಮನೆಗೆ ತಂದದ್ದನ್ನು ಡಿಕಾಕ್ಷನ್ ಇಳಿಸಿ ಉಳಿದ ಕಾಫಿ ಪುಡಿಯ ಜೊತೆ ಕಲಸಿ, ಚೀಲ ಕಟ್ಟಿ ಕಸಕ್ಕೆ ಹಾಕಿ. ಸಿಂಕ್‌ಗೆ ಸುರಿಯಬೇಡಿ, ಅದೇ ಕಾಯಿಲೆಯ ಇನ್ನೊಬ್ಬರಿಗೆ ದಾನವೂ ಬೇಡ.

ಅಸ್ಥಿ ತೆಗೆದುಕೊಂಡು ಊರಿಗೆ ಹೊರಡುವವರು ಆಸ್ಪತ್ರೆಗೆ ಒಯ್ಯುತ್ತಿದ್ದ ಬ್ಯಾಗನ್ನೇ ಬಳಸುವುದಾದರೆ ಒಳಜೇಬು ಸಮೇತ ಖಾಲಿ ಮಾಡಿ ನೋಡಿ. ಭಾರತದಲ್ಲಿ ಮಾದಕ ವಸ್ತುಗಳನ್ನು ನಿಷೇಧಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ ಕ್ಯಾಲಿಫೋರ್ನಿಯಾದ ಕಾರ್ಡ್ ಲೆಕ್ಕಕ್ಕಿಲ್ಲ. ದುಬೈ, ಸಿಂಗಪುರದಲ್ಲಿ ವಿಮಾನ ಬದಲಿಸುವವರಿಗೆ ಅಪಾಯ ಅಲ್ಲಿಂದಲೇ ಶುರು.